ಸೆನ್ಸರ್‌ನ ಕಣ್ಣಿಗೆ ಹಚ್ಚಿದ ಅರಿಶಿಣ

ಮೊನ್ನೆ ಆಯುಧಪೂಜೆಯ ದಿನ ಫ್ಯಾಕ್ಟರಿಯ ಬಾಗಿಲು ದಾಟುತ್ತಿದ್ದಂತೆ ಆ ವಾಸನೆ ಮೂಗಿಗೆ ಬಡಿಯಿತು. ನೀರಲ್ಲಿ ಕಲಸಿದ ಅರಿಶಿಣ, ಅದರ ಜೊತೆಗೆ ಮಷೀನ್ ಎಣ್ಣೆ. ಬೇರೆ ಬೇರೆಯಾಗಿ ಬಂದರೆ ನನಗೇನೂ ಆಗುವುದಿಲ್ಲ. ಅರಿಶಿಣ ಮನೆಯಲ್ಲಿ ದಿನಾ ಇರುತ್ತದೆ, ಎಣ್ಣೆ ನನ್ನ ಅಂಗಿಗೆ ದಿನಾ ಹತ್ತುತ್ತದೆ. ಎರಡೂ ಕೂಡಿ ಬಂದರೆ ಮಾತ್ರ ಕೈಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಮಷೀನಿನಿಂದ ಮಷೀನಿಗೆ ಓಡಾಡುತ್ತ ಸೆನ್ಸರ್‌ಗಳ ಕಣ್ಣು ಒರೆಸಲು ಶುರುಮಾಡುತ್ತೇನೆ. ಆಗಷ್ಟೇ ಪೂಜೆ ಮಾಡಿದವರು ಹಿಂದೆ ನಿಂತು ನಗುತ್ತಾರೆ. ಸಾರ್‌ಗೆ ದೇವರ ಭಯ ಇಲ್ಲ ಅನ್ನುತ್ತಾರೆ. ಅನ್ನಲಿ. ನನಗೆ ಎಷ್ಟು ಭಯವಿದೆ ಎಂದು ಅವರಿಗೇನು ಗೊತ್ತು…

ಆ ವಾಸನೆಯ ಹಿಂದೆ ಒಬ್ಬ ಮನುಷ್ಯ ಇದ್ದಾರೆ. ಮಷೀನ್ ಸಾಮಾನಿನ ಪೇಟೆಯಾದ ರಾಣಿಗಂಜ್‌ನ ಒಂದು ಗಲ್ಲಿಯಲ್ಲಿ, ಪಂಪು ಮಾರುವವನಿಗೂ ನಟ್ಟು ಬೋಲ್ಟು ಮಾರುವವನಿಗೂ ನಡುವೆ ಅವರ ಅಂಗಡಿ ಇತ್ತು. ಅಂಗಡಿ ಅಂದರೆ ಏನು, ಇಬ್ಬರು ಅಡ್ಡ ನಿಂತರೆ ಮೂರನೆಯವನಿಗೆ ಜಾಗವಿಲ್ಲ. ಗೋಡೆಯ ತುಂಬ ಕರೆಂಟನ್ನು ತಾನಾಗಿ ಕೂಡಿಸಿ ಕಡಿಯುವ ರಿಲೇ, ಸೆನ್ಸರ್, ಸ್ವಿಚ್ಚು, ಟೈಮರ್. ವಿಜಾಪುರದ ಕಡೆಯವರು. ಹೊರಗೆ ಹಿಂದಿ, ತೆಲುಗು ಎರಡನ್ನೂ ಕಲಸಿಕೊಂಡು ವ್ಯಾಪಾರ ಮಾಡುತ್ತಿದ್ದರು. ಗಿರಾಕಿ ನಮ್ಮ ಕಡೆಯವನೆಂದು ಗೊತ್ತಾದರೆ ಸಾಕು, ಮುಖ ಅರಳಿ ಕನ್ನಡಕ್ಕೆ ಇಳಿಯುತ್ತಿದ್ದರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ.

ಆಗ ನನಗೆ ಜೀಡಿಮೆಟ್ಲಾದ ಈ ಔಷಧ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ವರ್ಷ ತುಂಬಿರಲಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ರೈಲ್ವೆಯಲ್ಲಿದ್ದ ಅಪ್ಪ ಮಲ್ಕಾಜ್‌ಗಿರಿಯ ಮನೆಯಲ್ಲಿ ತಿಂಗಳಿಗೊಮ್ಮೆ ಕಾಯಂ ಆಯಿತೇ ಎಂದು ಕೇಳುತ್ತಿದ್ದರು, ನಾನು ತಿಂಗಳಿಗೊಮ್ಮೆ ಸಿಡುಕುತ್ತಿದ್ದೆ. ಹುಟ್ಟಿದಾಗಿನಿಂದ ನನ್ನ ಸ್ವಭಾವವೇ ಹಾಗೆ. ಕಾಲಿಗೆ ಚಕ್ರ ಕಟ್ಟಿಕೊಂಡವನು. ಊಟವೂ ನಿಂತೇ. ಇಂಥವನಿಗೆ ಕಾಕಾರ ಅಂಗಡಿ ಒಂದು ಶಿಕ್ಷೆ. ಯಾಕೆಂದರೆ ಅಲ್ಲಿ ಹೋದವರು ಕೂರಬೇಕಿತ್ತು. ಒಂದು ಕಬ್ಬಿಣದ ಸ್ಟೂಲ್ ಇತ್ತು, ಅದನ್ನು ತೋರಿಸಿ "ಕೂಡ್ರಿ ಸಾಹೇಬ್ರ, ಚಾ ಬರ್ತೈತಿ" ಅನ್ನುತ್ತಿದ್ದರು. ಚಹಾ ಬಂದು, ಕುಡಿದು ಮುಗಿಯುವವರೆಗೆ ಪ್ರಶ್ನೆ ಕೇಳುತ್ತಿದ್ದರು. ಯಾವ ಮಷೀನು? ಕರೆಂಟ್ ಹೋಗಿ ಬಂದರೆ ತಾನಾಗಿ ಶುರುವಾಗುತ್ತದೋ? ಮುಂದೆ ನಿಲ್ಲುವವರು ಯಾರು, ಅವರ ಕೈ ಎಲ್ಲಿಯತನಕ ಒಳಗೆ ಹೋಗುತ್ತದೆ? ಎಲ್ಲಕ್ಕೂ ಉತ್ತರ ಸಿಕ್ಕ ಮೇಲೆಯೇ ಕೈ ಗೋಡೆಯ ಕಡೆ ಹೋಗುತ್ತಿದ್ದುದು. ರಿಲೇ ಕೊಡುವ ಮುಂಚೆ ಕರೆಂಟ್ ಕೊಟ್ಟು ಕಿವಿಯ ಹತ್ತಿರ ಹಿಡಿದು ಅದು ಕಟ್ ಕಟ್ ಅನ್ನುವುದನ್ನು ಕೇಳುತ್ತಿದ್ದರು. ಒಂದೆರಡು ಸಲವಲ್ಲ, ಮನಸ್ಸು ಒಪ್ಪುವವರೆಗೆ. ನನಗೆ ತಲೆ ಕೆಟ್ಟುಹೋಗುತ್ತಿತ್ತು.

ನನಗೆ ಮೊದಲ ಸಲ ಒಂದು ಮಷೀನನ್ನು ಒಬ್ಬನೇ ನೋಡಿಕೊಳ್ಳಲು ಕೊಟ್ಟಿದ್ದರು. ಗುಳಿಗೆ ಪಟ್ಟಿಗಳನ್ನು ಒತ್ತಿ ಅಂಟಿಸಿ ಕತ್ತರಿಸುವ ಹಳೆಯ ಮಷೀನು. ಅದರ ವೈರಿಂಗ್ ಎಲ್ಲ ಕಿತ್ತುಹಾಕಿ ಹೊಸ ಕಂಟ್ರೋಲರ್ ಕೂರಿಸಬೇಕು, ಅದಕ್ಕೆ ಬೇಕಾದ ಸೆನ್ಸರ್, ರಿಲೇ ಎಲ್ಲ ನಾನೇ ಆರಿಸಬೇಕು. ಪಟ್ಟಿ ಆಗಾಗ ಸಿಕ್ಕಿಕೊಳ್ಳುತ್ತಿತ್ತು, ಆಪರೇಟರ್ ಕೈ ಹಾಕಿ ಎಳೆಯಬೇಕಾಗುತ್ತಿತ್ತು. ಮುಂದಿನ ಜಾಲರಿಯನ್ನು ಯಾವ ಕಾಲದಲ್ಲೋ ಬಿಚ್ಚಿ ಮೂಲೆಗೆ ಎಸೆದಿದ್ದರು. ಹಾಗಾಗಿ ಕೈ ಒಳಗೆ ಬಂದ ಕೂಡಲೇ ಮಷೀನ್ ನಿಲ್ಲಿಸುವ ಸೆನ್ಸರ್ ಬೇಕೇ ಬೇಕಿತ್ತು.

ಕಾಕಾ ಎರಡು ಥರದ್ದು ಎದುರಿಗಿಟ್ಟರು. ಒಂದು ಒಂಟಿ. ಬೆಳಕು ಬಿಡುವುದೂ ಅದೇ, ಕೈಗೆ ಬಡಿದು ವಾಪಸು ಬಂದ ಬೆಳಕನ್ನು ಹಿಡಿಯುವುದೂ ಅದೇ. ಬೆಳಕು ವಾಪಸು ಬಂದರೆ ಕೈ ಇದೆ ಎಂದು ಮಷೀನ್ ನಿಲ್ಲಿಸುತ್ತದೆ. ಇನ್ನೊಂದು ಜೋಡಿ. ಈ ಕಡೆಯದು ಬೆಳಕು ಬಿಡುತ್ತದೆ, ಆ ಕಡೆಯದು ಹಿಡಿಯುತ್ತದೆ, ನಡುವೆ ಏನು ಅಡ್ಡ ಬಂದರೂ ಮಷೀನ್ ನಿಲ್ಲುತ್ತದೆ. ಜೋಡಿಗೆ ಎರಡೂ ಕಡೆ ಕೊರೆಯಬೇಕು, ಎರಡು ವೈರ್ ಎಳೆಯಬೇಕು, ಕಂಟ್ರೋಲರ್ ಒಂದನ್ನೇ ನಂಬದೆ ಮಷೀನನ್ನು ನೇರವಾಗಿ ನಿಲ್ಲಿಸಲು ಬೇರೆ ರಿಲೇ ಹಾಕಬೇಕು. ಎರಡು ದಿನದ ಕೆಲಸ. ಒಂಟಿಯದಾದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ದಸರಾದೊಳಗೆ ಮಷೀನ್ ಓಡಬೇಕೆಂದು ಮ್ಯಾನೇಜರ್ ಕುತ್ತಿಗೆಯ ಮೇಲೆ ಕೂತಿದ್ದರು.

"ಇದು ನಾಳೆ ಕುರುಡಾತು ಅಂತ ತಿಳ್ಕೋರಿ," ಎಂದು ಒಂಟಿ ಸೆನ್ಸರ್ ಎತ್ತಿ ತೋರಿಸಿದರು ಕಾಕಾ. "ಮಷೀನ್ ನಿಂದರ್ತೈತೋ, ಓಡ್ತೈತೋ?"

"ಹೊಸಾ ಮಾಲು ಯಾಕ ಕುರುಡ ಆಗ್ತೈತ್ರಿ ಕಾಕಾ?"

"ಕಣ್ಣಂದಮ್ಯಾಲೆ ಒಂದಿನ ಕೆಡೂದ. ಕೆಟ್ಟಾಗ ಏನ್ ಮಾಡ್ತೈತಿ ಅನ್ನೂದು ನೋಡಿ ತಗೋಬೇಕ್ರಿ. ಜೋಡಿ ಕುರುಡಾದ್ರ ಮಷೀನ್ ನಿಂತ್ ಹೋಗ್ತೈತಿ. ಇದು ಕುರುಡಾದ್ರ ಅದಕ್ಕ ಕೈ ಕಾಣೂದಿಲ್ಲ, ಮಷೀನ್ ಓಡ್ತನ ಇರ್ತೈತಿ."

ಅವರು ಹೇಳಿದ್ದು ಸರಿ ಎಂದು ಆ ಕ್ಷಣದಲ್ಲೇ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಬೈಕ್ ಹೊರಗೆ ಬಿಸಿಲಲ್ಲಿ ನಿಂತಿತ್ತು, ಚಹಾ ಇನ್ನೂ ಬಂದಿರಲಿಲ್ಲ, ಆ ಸ್ಟೂಲ್ ಮೇಲೆ ಇನ್ನೊಂದು ನಿಮಿಷ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಒಂಟಿಯದನ್ನೇ ಕೊಡಿ ಎಂದೆ. ಕಾಕಾ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಅವಸರ ಭಾಳ ಐತಿ ನಿಮಗ. ಒಯ್ರಿ. ಜೋಡಿ ನಿಮ್ಮ ಹೆಸರಲೆ ತಗದ್ ಇಟ್ಟಿರ್ತೀನಿ," ಎಂದರು.

ಆಯುಧಪೂಜೆಯ ಹೊತ್ತಿಗೆ ಮಷೀನ್ ತಯಾರಾಯಿತು. ಎಲ್ಲರೂ ಪ್ಯಾನೆಲ್‌ಗೆ, ಮೋಟರ್‌ಗೆ, ಸ್ವಿಚ್ಚಿಗೆ ಅರಿಶಿಣ ಕುಂಕುಮ ಹಚ್ಚುತ್ತಿದ್ದರು. ಅದು ನನ್ನ ಮೊದಲ ಮಷೀನು. ಹೆಮ್ಮೆಯಿಂದ ಎದೆ ಉಬ್ಬಿತ್ತು. ತಟ್ಟೆಯಿಂದ ಅರಿಶಿಣ ತೆಗೆದುಕೊಂಡು, ನಾನು ಆರಿಸಿ ತಂದ ಆ ಸೆನ್ಸರ್‌ಗೂ ಹಚ್ಚಿದೆ. ಹಚ್ಚಲು ಅಷ್ಟು ಚಿಕ್ಕ ವಸ್ತುವಿನಲ್ಲಿ ಜಾಗವಾದರೂ ಎಲ್ಲಿದೆ? ಸರಿಯಾಗಿ ಕಣ್ಣಿನ ಮೇಲೇ ಹಚ್ಚಿದೆ. ಮೇಲೆ ಒಂದು ಕುಂಕುಮದ ಬೊಟ್ಟು. ಕೈ ಮುಗಿದೆ ಬೇರೆ.

ಮರುದಿನ ವಿಜಯದಶಮಿ, ರಜೆ. ಅದರ ಮರುದಿನ ಬೆಳಿಗ್ಗೆ ಮಷೀನ್ ಶುರುವಾಯಿತು. ಕೈ ಅಡ್ಡ ಹಿಡಿದು ಒಮ್ಮೆ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಎಲ್ಲ ಪರೀಕ್ಷೆ ಪೂಜೆಗೆ ಮುಂಚೆಯೇ ಆಗಿತ್ತಲ್ಲ. ಮಷೀನಿನ ಮುಂದೆ ನಿಂತವಳು ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ತೆಲುಗು ಹೆಣ್ಣುಮಗಳು. ಪಟ್ಟಿ ಸಿಕ್ಕಿಕೊಂಡಿತು, ಅವಳು ಕೈ ಹಾಕಿದಳು, ಮಷೀನ್ ನಿಲ್ಲಲಿಲ್ಲ… ನಾನು ಓಡಿ ಬರುವಷ್ಟರಲ್ಲಿ ಅವಳನ್ನು ಹೊರಗೆ ಕರೆದುಕೊಂಡು ಹೋಗಿದ್ದರು. ಬಲಗೈ ತೋರುಬೆರಳಿನ ತುದಿ ಹೋಗಿತ್ತು.

ಬಗ್ಗಿ ನೋಡಿದೆ. ಸೆನ್ಸರ್‌ನ ಕಣ್ಣಿನ ಮೇಲೆ ಅರಿಶಿಣ ಒಣಗಿ ಕೂತಿತ್ತು. ಅದು ನನ್ನ ಬೆರಳಿನ ಗುರುತು, ಬೇರೆ ಯಾರದೂ ಅಲ್ಲ. ಮ್ಯಾನೇಜರ್ ಬರುವ ಕಾಲ ಸಪ್ಪಳ ಕೇಳಿತು. ನಾನು ಏನು ಮಾಡಿದೆ? ಉಗುಳು ಹಚ್ಚಿ, ಅಂಗಿಯ ತೋಳಿನಿಂದ ಅದನ್ನು ಒರೆಸಿಬಿಟ್ಟೆ.

"ಮಾಲ್ ಕಹಾಂ ಸೇ ಲಾಯೇ?" ಎಂದು ಕೇಳಿದರು ಮ್ಯಾನೇಜರ್. ನಾನು ಕಾಕಾರ ಅಂಗಡಿಯ ಹೆಸರು ಹೇಳಿದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೂ ಆಗುತ್ತಿತ್ತು. ಡೂಪ್ಲಿಕೇಟ್ ಮಾಲಿರಬಹುದು ಸರ್ ಎಂದು ಸೇರಿಸಿದೆ. ನನ್ನ ಕೆಲಸ ಉಳಿಯಿತು. ಕಾಕಾರ ಅಂಗಡಿಯಿಂದ ಇನ್ನು ಏನೂ ತರಕೂಡದೆಂದು ಆ ದಿನವೇ ಅಪ್ಪಣೆಯಾಯಿತು. ಜೀಡಿಮೆಟ್ಲಾದಲ್ಲಿ ಒಂದು ಫ್ಯಾಕ್ಟರಿಯ ಮಾತು ಇನ್ನೊಂದಕ್ಕೆ ತಲುಪಲು ಎಷ್ಟು ಹೊತ್ತು ಬೇಕು? ಡೂಪ್ಲಿಕೇಟ್ ಮಾಲಿನವನು ಎಂಬ ಹೆಸರು ಅವರಿಗೆ ಅಂಟಿಕೊಂಡಿತು.

ಸೆನ್ಸರನ್ನು ವಾಪಸು ಕೊಟ್ಟು ಬಾ ಎಂದು ನನ್ನನ್ನೇ ಕಳಿಸಿದರು. ಕಾಕಾ ಸ್ಟೂಲ್ ತೋರಿಸಿದರು. ಅವತ್ತು ಮಾತ್ರ ನಾನು ತೆಪ್ಪಗೆ ಕೂತೆ. ಒಬ್ಬ ಹೆಣ್ಣುಮಗಳ ಬೆರಳು ಹೋಯಿತು, ಮಾಲು ಕೆಟ್ಟಿದೆ ಅನ್ನುತ್ತಾರೆ ಮ್ಯಾನೇಜರ್ ಎಂದೆ, ಅವರ ಮುಖ ನೋಡದೆ. ಕಾಕಾ ಸೆನ್ಸರ್‌ಗೆ ಕರೆಂಟ್ ಕೊಟ್ಟರು. ಅಂಗೈ ಅಡ್ಡ ಹಿಡಿದರು. ಅದರ ಮೇಲಿನ ಸಣ್ಣ ದೀಪ ಹತ್ತಿತು. ತೆಗೆದರು, ಆರಿತು. ಮತ್ತೆ ಹಿಡಿದರು, ಮತ್ತೆ ಹತ್ತಿತು. ಆಮೇಲೆ ಹೆಬ್ಬೆರಳಿನಿಂದ ಕಣ್ಣಿನ ಅಂಚನ್ನು ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಹಳದಿಯಾಗಿತ್ತು. ಅಂಚಿನಲ್ಲಿ ಉಳಿದದ್ದನ್ನು ನಾನು ಗಮನಿಸಿರಲಿಲ್ಲ.

ಬೈಯುತ್ತಾರೆ, ಇಲ್ಲವೇ ಮ್ಯಾನೇಜರ್‌ಗೆ ಫೋನ್ ಮಾಡುತ್ತಾರೆ ಎಂದು ಕಾದೆ. ಅವರು ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಕೇಳಿದ್ದು ಒಂದೇ ಮಾತು.

"ಆ ಹೆಣ್ಮಗಳ ಬೆರಳು ಹೆಂಗೈತಿ ತಮ್ಮಾ?"

ಅಷ್ಟು ದಿನ ಸಾಹೇಬ್ರ ಎನ್ನುತ್ತಿದ್ದವರು ಅವತ್ತು ತಮ್ಮಾ ಎಂದರು. ಯಾವ ಆಸ್ಪತ್ರೆ ಎಂದು ಕೇಳಿದರು, ಹೇಳಿದೆ. ಆಮೇಲೆ ಒಳಗಿನ ಗೂಡಿನಿಂದ ಆ ಜೋಡಿ ಸೆನ್ಸರ್ ತಂದು ನನ್ನ ಮುಂದಿಟ್ಟರು. ಡಬ್ಬಿಯ ಮೇಲೆ ನನ್ನ ಹೆಸರು ಬರೆದಿತ್ತು. "ಆಕಿ ತಿರುಗಿ ಬರೂದ್ರಾಗ ಹಾಕಿರಬೇಕು," ಎಂದರು. ನಾನು ಡಬ್ಬಿ ತೆಗೆದುಕೊಂಡು ಬಂದು, ಎರಡು ದಿನ ಕೂತು, ಅವರು ಮೊದಲೇ ಹೇಳಿದ್ದಂತೆ ಬೇರೆ ರಿಲೇಯನ್ನೂ ಸೇರಿಸಿ ಹಾಕಿದೆ. ಇದೆಲ್ಲಿಯದು ಎಂದು ಮ್ಯಾನೇಜರ್ ಕೇಳಿದಾಗ ಇನ್ನೊಂದು ಅಂಗಡಿಯದು ಎಂದೆ. ಥೂ, ನನ್ನ ಜನ್ಮಕ್ಕಿಷ್ಟು.

ನಾಳೆ ಹೇಳುತ್ತೇನೆ, ಕೆಲಸ ಕಾಯಂ ಆದ ಮೇಲೆ ಹೇಳುತ್ತೇನೆ, ಈ ಮ್ಯಾನೇಜರ್ ವರ್ಗವಾದ ಮೇಲೆ ಹೇಳುತ್ತೇನೆ… ಎಲ್ಲವೂ ಆಯಿತು, ಹೇಳುವುದೊಂದು ಆಗಲಿಲ್ಲ. ರಾಣಿಗಂಜ್‌ಗೆ ಹೋದರೆ ಆ ಗಲ್ಲಿ ಬಿಟ್ಟು ಸುತ್ತು ಹಾಕಿಕೊಂಡು ನಡೆಯುತ್ತಿದ್ದೆ. ನಾಲ್ಕೈದು ವರ್ಷದ ಮೇಲೆ ಧೈರ್ಯ ಮಾಡಿ ಹೋದರೆ ಅಲ್ಲಿ ಮೊಬೈಲ್ ಕವರ್ ತೂಗುಹಾಕಿದ್ದರು. ಪಂಪಿನ ಅಂಗಡಿಯವನು ಹೇಳಿದ, ಗಿರಾಕಿ ಬರುವುದು ನಿಂತ ಮೇಲೂ ಒಂದು ವರ್ಷ ಅಂಗಡಿ ತೆರೆದು ಕೂತಿದ್ದರಂತೆ. ಆಮೇಲೆ ಮುಚ್ಚಿದರಂತೆ. ತೀರಿಕೊಂಡು ಆರು ತಿಂಗಳಾಗಿತ್ತು.

ಬೆರಳು ಕಳೆದುಕೊಂಡ ಆ ಹೆಣ್ಣುಮಗಳು ಈಗ ನಮ್ಮ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಾಳೆ. ಕೂದಲು ಅಲ್ಲಲ್ಲಿ ನರೆತಿದೆ. ಮೊನ್ನೆ ನಾನು ಹೀಗೆ ಒರೆಸುತ್ತ ಓಡಾಡುವಾಗ ಅವಳು ಬಂದು ಪಕ್ಕದಲ್ಲಿ ನಿಂತಳು. ಎಲ್ಲರೂ ನಗುತ್ತಾರೆ ಸಾರ್, ನೀವು ಪ್ರತಿ ವರ್ಷ ಇದನ್ನು ಯಾಕೆ ಮಾಡುತ್ತೀರಿ ಎಂದು ತೆಲುಗಿನಲ್ಲಿ ಕೇಳಿದಳು. ಅವಳ ಕೈ ಮಷೀನಿನ ಮೇಲಿತ್ತು. ಆ ಮೊಂಡು ಬೆರಳು ನನ್ನ ಕಣ್ಣೆದುರೇ ಇತ್ತು. ಯಾಕೋ ತಡೆಯಲಾಗಲಿಲ್ಲ. ಅರಿಶಿಣ ಹಚ್ಚಿದ್ದು, ಒರೆಸಿದ್ದು, ಕಾಕಾರ ಮೇಲೆ ಹೊರಿಸಿದ್ದು, ಅವರು ಹೆಬ್ಬೆರಳಿನಿಂದ ಉಜ್ಜಿ ನೋಡಿದ್ದು, ಎಲ್ಲ ಹೇಳಿದೆ.

ಅವಳು ಮಷೀನಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಹೇಳಿದಳು. "ಆ ಮುದುಕಪ್ಪ ಆಸ್ಪತ್ರೆಗೆ ಬಂದಿದ್ದರು ಸಾರ್. ಮೋಸಂಬಿ ತಂದಿದ್ದರು. ನಾನು ಇನ್ನು ಆ ಮಷೀನಿಗೆ ಹೋಗುವುದಿಲ್ಲ, ಕೆಲಸವೇ ಬೇಡ ಅಂತಿದ್ದೆ. ಅವರು ಕೈ ಮುಗಿದು ಹೇಳಿದರು, ನನ್ನ ಮಾಲು ಕೆಟ್ಟಿತ್ತಮ್ಮಾ, ನಿಮ್ಮ ಸಾರ್ ತಪ್ಪಿಲ್ಲ, ಈಗ ಅವರು ಒಳ್ಳೆಯದು ಹಾಕಿದ್ದಾರೆ, ನಂಬಿ ಹೋಗು ಅಂತ. ಅದಕ್ಕೇ ವಾಪಸು ಬಂದೆ."

ಇದು ನನಗೆ ಗೊತ್ತಿರಲಿಲ್ಲ.

"ಪ್ರತಿ ದಸರಾಕ್ಕೆ ದೀಪ ಹಚ್ಚುವಾಗ ಆ ಮನುಷ್ಯನಿಗೆ ಶಾಪ ಹಾಕಿದ್ದೇನೆ," ಎಂದಳು. "ಅವರ ಮನೆ ಎಲ್ಲಿ ಸಾರ್?"

ಅವರಿಲ್ಲ ಎಂದೆ. ಅವಳು ನನ್ನ ಕೈಯಿಂದ ಕರವಸ್ತ್ರ ತೆಗೆದುಕೊಂಡಳು. "ಇನ್ನು ಮೇಲೆ ಇದನ್ನು ನಾನು ಮಾಡ್ತೀನಿ. ನೀವು ಮಾಡೋದು ಬೇಡ," ಎಂದು ಮುಂದಿನ ಮಷೀನಿಗೆ ಹೋದಳು. ಒಂದೊಂದು ಸೆನ್ಸರನ್ನೂ ಒರೆಸಿ, ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನನ್ನ ಕೈಗೆ ಕೆಲಸವಿರಲಿಲ್ಲ, ಕಾಲಿಗೆ ಹೋಗಲು ಜಾಗವಿರಲಿಲ್ಲ. ಕಾಕಾ ಇದ್ದಿದ್ದರೆ ಆ ಸ್ಟೂಲ್ ತೋರಿಸಿ ಕೂಡ್ರಿ ಅನ್ನುತ್ತಿದ್ದರು… ಈಗ ಹಾಗೆ ಹೇಳುವವರು ಇಲ್ಲ. ನಾನು ನಿಂತೇ ಇದ್ದೆ.