ನುಗ್ಗೇಹಳ್ಳಿಗೆ ಕಳುಹಿಸಿದವಳು ನಾನು

ಇವರಿಂದ,
ಲಲಿತಮ್ಮ, ಗೃಹಿಣಿ,
ಚನ್ನರಾಯಪಟ್ಟಣ.

ಇವರಿಗೆ,
ಕೊಲೆಯಾದ ವಿದ್ಯಾರ್ಥಿಗಳ ಕುರಿತ ಸರಣಿಯನ್ನು ನೋಡಿದ, ನೋಡಿ ಮಾತನಾಡಿದ ಎಲ್ಲರಿಗೂ.

ವಿಷಯ: ಸದರಿ ಸರಣಿಯ ಮೂರನೆಯ ಭಾಗದಲ್ಲಿ ನಾನು ಆಡಿರುವ ಎರಡು ಮಾತುಗಳ ಪೈಕಿ ಒಂದು ಸುಳ್ಳು, ಇನ್ನೊಂದು ಸುಳ್ಳಿಗಿಂತ ಕೆಟ್ಟದ್ದು ಎಂಬ ಬಗ್ಗೆ.

ಮಾನ್ಯರೇ,

ಮೊದಲಿಗೆ ಕ್ಷಮೆ ಇರಲಿ. ನನ್ನ ಕಾಗುಣಿತ ಸರಿಯಿಲ್ಲ, ಅಕ್ಷರವೂ ದುಂಡಗಿಲ್ಲ. ಹತ್ತನೇ ತರಗತಿಯ ನಂತರ ಇಷ್ಟು ಉದ್ದದ್ದನ್ನು ಬರೆದವಳಲ್ಲ. ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರು ಮನೆಗೆ ತರುತ್ತಿದ್ದ ಪತ್ರಗಳನ್ನು ನೋಡಿ ಬಲ್ಲೆನಾದ್ದರಿಂದ ಅದೇ ಮಾದರಿಯಲ್ಲಿ ಬರೆಯುತ್ತಿದ್ದೇನೆ. ಬೇರೆ ಮಾದರಿ ನನಗೆ ತಿಳಿಯದು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ — ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದು ಓದುತ್ತಿದ್ದ ಚಂದ್ರಕಲಾ, ನಾವು ಕಲಾ ಎಂದು ಕರೆಯುತ್ತಿದ್ದ ಹುಡುಗಿ, ಆ ದಿನ ನುಗ್ಗೇಹಳ್ಳಿಯ ಕಡೆಗೆ ತಾನಾಗಿ ಹೋಗಲಿಲ್ಲ. ನಾನು ಕಳುಹಿಸಿದೆ. 'ನನಗೆ ಹೇಳದೆ ಹೋದಳು' ಎಂದು ಅಂದು ಪೊಲೀಸರ ಮುಂದೆಯೂ, ಹತ್ತು ವರ್ಷ ಕಳೆದ ಮೇಲೆ ಕ್ಯಾಮೆರಾದ ಮುಂದೆಯೂ ಹೇಳಿದ್ದು ಸುಳ್ಳು. ತಿಳಿದೂ ಹೇಳಿದ ಸುಳ್ಳು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅದು ಗೌರಿ ಹಬ್ಬದ ಹಿಂದಿನ ದಿನ. ನಮ್ಮ ನಾದಿನಿಯನ್ನು, ಎಂದರೆ ಯಜಮಾನರ ತಂಗಿಯನ್ನು, ನುಗ್ಗೇಹಳ್ಳಿಗೆ ಕೊಟ್ಟಿದೆ. ತವರಿನ ಬಾಗಿನ ಹಬ್ಬಕ್ಕೆ ಮೊದಲು ಹೆಣ್ಣುಮಗಳ ಮನೆಗೆ ಸೇರಬೇಕು. ಹಿಂದಿನ ವರ್ಷ ಅದು ಹಬ್ಬ ಕಳೆದ ಮೇಲೆ ತಲುಪಿತ್ತು. ಅದಕ್ಕೆ ಆಕೆ ನೆಂಟರೆಲ್ಲರ ಎದುರಿಗೆ, "ನಮ್ಮತ್ಗೆಗೆ ನನ್ ಮನೆ ದಾರಿನೇ ಮರ್ತೋಗದೆ ಕಣ್ರೀ" ಎಂದು ನಕ್ಕಿದ್ದಳು. ಆ ನಗು ನನ್ನೊಳಗೆ ಒಂದು ವರ್ಷ ಮುಳ್ಳಿನಂತಿತ್ತು. ಈ ಸಲ ತಡವಾಗಬಾರದು ಎಂದುಕೊಂಡಿದ್ದೆ. ಆದರೆ ಯಜಮಾನರಿಗೆ ಹಾಸನದಲ್ಲಿ ಕಚೇರಿ ಕೆಲಸ ಬಿತ್ತು. ಅದೇ ಬೆಳಿಗ್ಗೆ ನಾನು ಹೊರಗಾದೆ — ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಟ್ಟಾದವಳು ಬಾಗಿನದ ಮೊರ ಮುಟ್ಟುವಂತಿಲ್ಲ.

ಕಲಾ ಆ ಮಧ್ಯಾಹ್ನ ಊರಿಗೆ ಹೊರಟಿದ್ದಳು. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಅರಕಲಗೂಡಿಗೆ, ಅಲ್ಲಿಂದ ತಮ್ಮ ಹಳ್ಳಿಗೆ. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಬಂದವಳನ್ನು ನಾನೇ ನಿಲ್ಲಿಸಿದೆ.

"ಒಂದ್ ಉಪ್ಕಾರ ಮಾಡವ್ವ. ನುಗ್ಗೇಳ್ಳಿಗೆ ಓಗಿ ಇದ್ ಕೊಟ್ಬುಟ್ಟು ಬಾ. ಸಂಜೆ ಬಸ್ಗೆ ಊರಿಗೆ ಓಗೀವಂತೆ."

ಅವಳು ಗಡಿಯಾರದ ಕಡೆ ನೋಡಿದಳು. ಅದನ್ನು ನಾನು ಕಂಡೆ. ಕಂಡೂ ಸುಮ್ಮನಿದ್ದೆ.

"ಅಮ್ಮ ಕಾಯ್ತಿರ್ತಾರೆ ಆಂಟಿ."

"ಎಷ್ಟೊತ್ತಾದಾತು? ಓಗೋದು, ಬರೋದು. ನಿಮ್ಮಮ್ಮಂಗೆ ಮಾತ್ರ ಯೋಳ್ಬ್ಯಾಡ ಕಣವ್ವ. ಬಾಡಿಗೆ ಮನೆಯೋರು ನನ್ ಮಗೀನ ಮನೆ ಕೆಲ್ಸಕ್ಕೆ ಇಟ್ಕಂಡವ್ರೆ ಅಂದ್ಕಂಡಾರು."

ಅವಳು ನಕ್ಕಳು. ನಾನು ಹಿತ್ತಲ ಬಾಗಿಲಲ್ಲಿ ದೂರ ಕುಳಿತು ಬೆರಳು ತೋರಿಸಿದೆ. ಅವಳು ನಾನು ಹೇಳಿದ ಹಾಗೆಯೇ ಮೊರದೊಳಗೆ ಬಳೆ, ಅರಿಶಿನ, ಕುಂಕುಮ, ರವಿಕೆಯ ಕಣ, ಕಾಯಿ ಇಟ್ಟು, ಇನ್ನೊಂದು ಮೊರ ಮುಚ್ಚಿ, ಬಟ್ಟೆ ಸುತ್ತಿ ಗಂಟು ಹಾಕಿದಳು. ಅಷ್ಟರಲ್ಲಿ ಅವಳ ಫೋನು ಮತ್ತೆ ಮತ್ತೆ ಹೊಡೆದುಕೊಂಡಿತು. "ಅಮ್ಮಂದು ಆಂಟಿ. ಎಷ್ಟ್ ಸಲ ಮಾಡ್ತಾರೆ ನೋಡಿ" ಎಂದು ನನಗೇ ಹೇಳಿದಳು. ತಾಯಿಗೆ ಮಾತ್ರ, "ಸಂಜೆ ಬತ್ತೀನಿ ಬುಡಮ್ಮ" ಎಂದಳು. ಏಕೆ ಸಂಜೆಯಾಗುತ್ತದೆ ಎಂದು ಹೇಳಲಿಲ್ಲ — ನಾನು ಹೇಳಬೇಡವೆಂದಿದ್ದೆನಲ್ಲ.

ಬಾಗಿನ ತಲುಪಿತು. ಹಿಂದಿರುಗುವ ಬಸ್ಸು ಬರಲಿಲ್ಲ. ಕತ್ತಲಾಯಿತು. ಆ ರಸ್ತೆಯಲ್ಲಿ ಅವಳಿಗೆ ಆದದ್ದನ್ನು ನಾನು ಬರೆಯುವುದಿಲ್ಲ, ಸರಣಿಯವರು ಬೇಕಾದ್ದಕ್ಕಿಂತ ಹೆಚ್ಚು ತೋರಿಸಿದ್ದಾರೆ. ಅವಳಿಗೆ ಪರಿಚಯವೇ ಇಲ್ಲದ ಒಬ್ಬ ದುಷ್ಟ ಅದನ್ನು ಮಾಡಿದ. ಬೇಗನೆ ಸಿಕ್ಕಿಬಿದ್ದ, ಒಪ್ಪಿಕೊಂಡ, ಶಿಕ್ಷೆಯೂ ಆಯಿತು.

ಪೊಲೀಸರು ಮನೆಗೆ ಬರುವುದಕ್ಕೆ ಮೊದಲೇ ಯಜಮಾನರು ಹಾಸನದಿಂದ ಬಂದಿದ್ದರು. ತಂಗಿಯ ಮನೆಗೆ ಫೋನು ಮಾಡಿ, ಕಲಾ ಅಲ್ಲಿಗೆ ಬಂದಿದ್ದನ್ನು ಯಾರೂ ಬಾಯಿಬಿಡಬಾರದೆಂದು ಮಾತು ಕೂಡಿಸಿಕೊಂಡರು. ನನಗೆ ಹೇಳಿದ್ದಿಷ್ಟು: "ನಾವ್ ಕಳುಸ್ದೋ ಅಂತ ಬಾಯ್ಬುಟ್ಟೀಯ, ಸರ್ಕಾರಿ ಕೆಲ್ಸ ನಂದು, ಕೋರ್ಟು ಕಚೇರಿ ಅಲಿಯಾಕಾಯ್ತದಾ? ಕೇಳುದ್ರೆ ಗೊತ್ತಿಲ್ಲ ಅನ್ನು." ಅವರು ಹೇಳಿಕೊಟ್ಟರು ಎಂದು ಬರೆದು ನಾನು ಜಾರಿಕೊಳ್ಳುತ್ತಿಲ್ಲ. ಅವರು ಹೇಳಿಕೊಟ್ಟಿದ್ದು 'ಗೊತ್ತಿಲ್ಲ' ಎಂಬ ಒಂದು ಮಾತು. 'ಹೇಳದೆ ಹೋದಳು' ಎಂದು ಸೇರಿಸಿದ್ದು ನನ್ನ ಬಾಯಿ. ಅಪರಾಧಿ ಸಿಕ್ಕ ಮೇಲೆ ಅವಳು ಆ ಕಡೆಗೆ ಏಕೆ ಹೋಗಿದ್ದಳೆಂದು ಯಾರೂ ಕೆದಕಲಿಲ್ಲ. ನಾನು ನೆಮ್ಮದಿಯಾಗಿದ್ದೆ. ಹೌದು — ನೆಮ್ಮದಿಯಾಗಿಯೇ ಇದ್ದೆ. ಪ್ರತಿ ವರ್ಷ ಗೌರಿ ಕೂರಿಸಿದೆ. ಬಾಗಿನ ಕೊಟ್ಟೆ.

ಆಮೇಲೆ ಸರಣಿಯವರು ಬಂದರು. ನಾನು ರೇಷ್ಮೆ ಸೀರೆ ಉಟ್ಟೆ. ಸತ್ತ ಹುಡುಗಿಯ ಬಗ್ಗೆ ಮಾತನಾಡಲು ರೇಷ್ಮೆ ಸೀರೆ! ಅವರು ಕೇಳಿದ್ದಕ್ಕೆ ಹಳೆಯ ಸುಳ್ಳನ್ನೇ ಹೇಳಿದೆ. ಕೇಳುತ್ತಿದ್ದ ಹುಡುಗನ ಮುಖದಲ್ಲಿ ಉತ್ಸಾಹ ಕಾಣಲಿಲ್ಲ. ಅವನು ಬೇಸರಪಟ್ಟುಕೊಂಡನಲ್ಲ ಎನಿಸಿ — ಅಷ್ಟಕ್ಕೇ, ಮಾನ್ಯರೇ, ಅಷ್ಟಕ್ಕೇ — ಇನ್ನೊಂದು ಮಾತು ಸೇರಿಸಿದೆ. "ಆವತ್ತು ಅವಳಿಗೆ ಪದೇ ಪದೇ ಫೋನು ಬರುತ್ತಿತ್ತು."

ಅವನ ಕಣ್ಣು ಅರಳಿತು. "ಸೂಪರ್ ಮೇಡಂ. ಇದೇ ಮಾತು, ಸ್ವಲ್ಪ ನಿಧಾನವಾಗಿ, ಇನ್ನೊಂದ್ಸಲ."

ನಾನು ನಿಧಾನವಾಗಿ ಇನ್ನೊಂದು ಸಲ ಹೇಳಿದೆ. ಯಾರ ಫೋನೆಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೂರನೆಯ ಭಾಗ ಬಂದಾಗ ಅವರೆಕಾಯಿ ಕಾಲ. ಅಕ್ಕಪಕ್ಕದ ಹೆಂಗಸರು ನಮ್ಮ ಜಗುಲಿಯಲ್ಲಿ ಕುಳಿತು, ನೆನೆಸಿದ ಅವರೆಕಾಳನ್ನು ಹಿತಕುತ್ತಿದ್ದರು. ಎದುರು ಮನೆಯ ಸರೋಜ ಫೋನನ್ನು ಚೊಂಬಿಗೆ ಒರಗಿಸಿ ಇಟ್ಟಿದ್ದಳು. ನನ್ನ ಮುಖ ಬಂದಿತು.

"ಅಯ್, ಅಕ್ಕಾವ್ರು ಎಷ್ಟ್ ಲಕ್ಷಣವಾಗ್ ಕಾಣ್ತಾವ್ರೆ ನೋಡ್ರೇ! ಈ ಸೀರೆ ಯಾವಾಗ್ ತಗಂಡ್ರಕ್ಕ?"

"ಸುಮ್ಕಿರೇ, ಕೇಳುಸ್ಕ. ಪದೇ ಪದೇ ಫೋನಂತೆ! ಇನ್ಯಾಕ್ ಓಗಿರ್ತಾಳೆ ಆ ಕಡೀಕೆ? ಯಾವನ್ನೋ ನೋಡಾಕೆ."

"ಸತ್ತೋಳ್ ಬಗ್ಗೆ ಯಾಕಮ್ಮ ಅಂಗಂತೀಯ..."

"ಸತ್ರೆ ದಿಟ ಸುಳ್ಳಾದಾತಾ? ಅಕ್ಕಾವ್ರೇ ಯೋಳವ್ರಲ್ಲ! ತಡಿ ತಡಿ, ಹೆಣ ಸಿಕ್ಕೋದು ಈಗ್ ಬತ್ತದೆ. ಒಗ್ಗರಣೆ ಆಮ್ಯಾಕ್ ಆಕುವಂತೆ."

ಅವರು ನೋಡುತ್ತಿದ್ದರು. ಬೆರಳುಗಳು ನಿಲ್ಲಲಿಲ್ಲ — ಕಾಳು ಒತ್ತಿದರೆ ಸಿಪ್ಪೆ ಈ ಕಡೆ, ಬೇಳೆ ಆ ಕಡೆ. ನನ್ನ ಬೆರಳುಗಳೂ ನಿಲ್ಲಲಿಲ್ಲ. ಅವರೆಯ ಸೊಗಡು ನನಗೆ ಬಾಲ್ಯದಿಂದ ಇಷ್ಟ. ಆವತ್ತು ಆ ವಾಸನೆ ತಡೆಯಲಾಗಲಿಲ್ಲ. ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದು ಬಂದು ಮತ್ತೆ ಅವರ ನಡುವೆಯೇ ಕುಳಿತೆ. "ಬಿಸ್ಲು ಕಣೆ" ಎಂದೆ.

ಸರಣಿಯ ಕೆಳಗೆ ತಾವು ಬರೆದ ಅಭಿಪ್ರಾಯಗಳನ್ನೂ ಓದಿದ್ದೇನೆ. ಸರೋಜಳ ಮಗಳು ತೋರಿಸಿದಳು. 'ಹುಡುಗಿ ಮುದ್ದಾಗಿದ್ದಳು, ಪಾಪ' — ಮುದ್ದಾಗಿಲ್ಲದಿದ್ದರೆ ಪಾಪವಲ್ಲವೇ? 'ಲವ್ವರ್ ಇದ್ದೇ ಇರ್ತಾನೆ, ನನ್ನ ಊಹೆ ತಪ್ಪೋದೇ ಇಲ್ಲ.' 'ಹಿಂದಿನ ಭಾಗದ ಕೊಲೆಯೇ ಚೆನ್ನಾಗಿತ್ತು.' ಚೆನ್ನಾಗಿತ್ತಂತೆ! ಒಬ್ಬರು ಆ ರಸ್ತೆಯ ಬಸ್ಸು ನಿಲ್ದಾಣಕ್ಕೆ ಹೋಗಿ, ನಗುಮುಖದ ಫೋಟೋ ತೆಗೆಸಿಕೊಂಡು ಹಾಕಿದ್ದಾರೆ. ತಮ್ಮ ಬಗ್ಗೆ ನನಗೆ ಹೇಸಿಗೆಯಾಯಿತು. ಇದನ್ನು ಗೌರವಪೂರ್ವಕವಾಗಿಯೇ ಬರೆಯುತ್ತಿದ್ದೇನೆ. ಆದರೆ ಆ ಎಲೆಗೆ ಬಡಿಸಿದ ಕೈ ನನ್ನದು. ಉಂಡವರನ್ನು ಬೈಯುವ ಹಕ್ಕು ನನಗೆಲ್ಲಿದೆ?

ಇಷ್ಟಾದರೂ ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಕಲಾಳ ತಾಯಿ ಜಯಮ್ಮ ನಮ್ಮ ಮನೆಗೆ ಬಂದಳು. ಗಂಡನಿಲ್ಲದೆ, ಕೂಲಿನಾಲಿ ಮಾಡಿ ಮಗಳನ್ನು ಓದಿಸಿದವಳು. ಒಳಗೆ ಕರೆದರೂ ಬರದೆ ಹೊಸಿಲಿನ ಹೊರಗೇ ಕುಳಿತಳು.

"ಅಕ್ಕಾವ್ರೆ, ಆವತ್ತು ನಾನೂ ಫೋನ್ ಮಾಡಿದ್ದೆ. ಒಬ್ಬಟ್ಗೆ ಬ್ಯಾಳೆ ಬೇಯಾಕಿಟ್ಟಿವ್ನಿ, ಬಿರ್ನೆ ಬಾ ಅಂತ. ನನ್ದಲ್ದೆ ಇನ್ಯಾರ್ದಾರ ಬತ್ತಿತ್ತಾ? ನಿಮ್ಗೆ ಗೊತ್ತಿದ್ರೆ ಯೋಳ್ಬುಡಿ. ನಾನೇನ್ ಬೇಜಾರ್ ಮಾಡ್ಕಳಲ್ಲ. ಊರ್ ತುಂಬ ಅದೇ ಮಾತು. ಅವ್ಳ ಫೋಟೋನೂ ತೆಗ್ದು ಒಳೀಕಿಕ್ಕಿವ್ನಿ — ಬಂದೋರೆಲ್ಲ ಒಂಥರಾ ನೋಡ್ತಾರೆ."

ತನ್ನ ಮಗಳನ್ನು ತಾನೇ ಅನುಮಾನಿಸುವ ಹಾಗೆ ಒಬ್ಬ ತಾಯಿಯನ್ನು ನಾನು ಮಾಡಿದ್ದೆ. ಆಗಲಾದರೂ... ಆಗ ನಾನು ಹೇಳಿದ ಉತ್ತರವನ್ನು ಇಲ್ಲಿ ಬರೆಯಲೇಬೇಕು:

"ಯಾರ್ದೋ ಇರ್ಬೇಕು ಜಯಮ್ಮ. ನಂಗೇನ್ ಗೊತ್ತು."

"ಅಂಗಾರೆ ಊರ್ನೋರ್ ಯೋಳಾದು ದಿಟ ಇರ್ಬೈದು" ಎಂದು ತನಗೇ ಹೇಳಿಕೊಂಡು ಎದ್ದಳು. ಕಾಫಿ ಕುಡಿಯಲಿಲ್ಲ.

ಆಮೇಲೆ ಊಟ ಸೇರಲಿಲ್ಲ. ಏನು ಬಾಯಿಗಿಟ್ಟರೂ ನನ್ನದೇ ಮಾತು ಅಗಿದಂತಾಗುತ್ತಿತ್ತು. ಮುಂದಿನ ವಾರ, ಯಜಮಾನರು ಬೇಡವೆಂದರೂ, ಹೊಳೆನರಸೀಪುರದ ಬಸ್ಸು ಹತ್ತಿ, ಅಲ್ಲಿಂದ ಅರಕಲಗೂಡಿಗೆ, ಅಲ್ಲಿಂದ ಅವರ ಹಳ್ಳಿಗೆ ಹೋದೆ. ಕಲಾ ಆವತ್ತು ಹೋಗಬೇಕಾಗಿದ್ದ ದಾರಿ ಅದು. ನಾನು ತಪ್ಪಿಸಿದ ದಾರಿ.

ಜಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನಿಂತೇ ಹೇಳಿದೆ. ಹೊರಗಾದದ್ದು, ಬಾಗಿನ, ಹೇಳಬೇಡವೆಂದದ್ದು, ಆ ಫೋನು ಜಯಮ್ಮನದೇ ಎಂಬುದು — ಎಲ್ಲವನ್ನೂ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆಯಲಿ ಎಂದೂ ಆಸೆಯಿತ್ತು. ಅವಳು ಮೊರವನ್ನು ಕೆಳಗಿಟ್ಟಳು. ಕೇಳಿದಳು:

"ಬಾಗ್ನ ತಲುಪ್ತಾ?"

"ತಲುಪ್ತು."

"ನಿಮ್ ನಾದ್ನಿ ಈಸ್ಕಂಡ್ರಾ?"

"ಈಸ್ಕಂಡ್ಲು."

"ಮಗೀಗೆ ಕುಡಿಯಾಕ್ ಒಂದ್ ಲೋಟ ನೀರಾದ್ರೂ ಕೊಟ್ಟಿದ್ರಾ?"

ನನಗೆ ತಿಳಿದಿರಲಿಲ್ಲ. ಹತ್ತು ವರ್ಷದಲ್ಲಿ ನಾನು ನಾದಿನಿಯನ್ನು ಇದನ್ನು ಕೇಳಿರಲೇ ಇಲ್ಲ. ಹಾಗೆಂದೆ. ಜಯಮ್ಮ ಎದ್ದಳು.

"ನನ್ ಒಬ್ಳಿಗೆ ಯೋಳುದ್ರೆ ಏನಾಯ್ತು? ಲೋಕ್ವೆಲ್ಲ ನೋಡ್ಯದೆ. ಅವ್ರಿಗ್ ಯೋಳೋಗಿ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮತ್ತೆ ತೆರೆಯಲಿಲ್ಲ. ತೆರೆಯಬೇಕೆಂದು ನಾನು ನಿರೀಕ್ಷಿಸುವುದೂ ಇಲ್ಲ.

ಸರಣಿಯವರಿಗೆ ಫೋನು ಮಾಡಿದೆ. ಅದೇ ಹುಡುಗ. ಪೂರ್ತಿ ಕೇಳಿಸಿಕೊಂಡು, "ಮೇಡಂ, ಒಳ್ಳೇ ಟ್ವಿಸ್ಟ್ ಇದು! ಇದನ್ನೇ ಇಟ್ಕೊಂಡು ಒಂದು ಸ್ಪೆಷಲ್ ಭಾಗ ಮಾಡೋಣ. ಆ ತಾಯೀನೂ ಕರೆಸ್ತೀರಾ? ಎದುರುಬದುರು ಕೂರ್ಸೋಣ" ಎಂದ. ಫೋನಿಟ್ಟುಬಿಟ್ಟೆ. ಇನ್ನೊಮ್ಮೆ ಆ ಕ್ಯಾಮೆರಾದ ಮುಂದೆ ಕೂರುವುದಿಲ್ಲ. ಆದ್ದರಿಂದ ಈ ಬರವಣಿಗೆ.

ಇದನ್ನು ಬರೆಯುತ್ತೇನೆಂದು ತಿಳಿದ ಮೇಲೆ ನುಗ್ಗೇಹಳ್ಳಿಯವರು ಮಾತು ಬಿಟ್ಟಿದ್ದಾರೆ. ಯಜಮಾನರು ಊಟಕ್ಕೆ ಕುಳಿತಾಗ ನನ್ನ ಮುಖ ನೋಡುವುದಿಲ್ಲ. ಇದರ ಒಂದು ಪ್ರತಿಯನ್ನು ಪೊಲೀಸ್ ಠಾಣೆಗೆ ನಾನೇ ಕೊಟ್ಟು ಬರುತ್ತೇನೆ. ಅವರು ಏನು ಮಾಡಿದರೂ ಸರಿಯೇ.

ಆದಕಾರಣ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ — ಕಲಾ ಯಾರನ್ನೂ ನೋಡಲು ಹೋಗಿರಲಿಲ್ಲ. ಮನೆಯ ಯಜಮಾನಿಯ ಮಾತು ಮೀರಬಾರದೆಂದು ಹೋದಳು. ಪದೇ ಪದೇ ಬಂದ ಫೋನು ಅವಳ ತಾಯಿಯದು. ಅವಳ ಹೆಸರಿನ ಕೆಳಗೆ ತಾವು ಬರೆದಿರುವುದನ್ನು ದಯಮಾಡಿ ಅಳಿಸಬೇಕು. ಬರೆಯದೆ ಇರಲಾರೆವು ಎನ್ನುವವರು ನನ್ನ ಹೆಸರಿನ ಕೆಳಗೆ ಬರೆಯಬಹುದು. ನಾನು ಓದುತ್ತೇನೆ. ಒಂದನ್ನೂ ಬಿಡದೆ ಓದುತ್ತೇನೆ.

ಬರವಣಿಗೆಯಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವೇ ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ.

ಇಂತಿ,
ಲಲಿತಮ್ಮ