ಕಿವಿಯಕ್ಕನಿಗೆ ಕೇಳಿಸಿದ ಕರಕರ

ಕಿವಿಯಕ್ಕನಿಗೆ ಸಿಟ್ಟು ಬರಲು ಕಾರಣವೇ ಬೇಡ ಎಂದು ಕಾರ್ಖಾನೆಯವರು ಹೇಳುತ್ತಾರೆ. ಶುದ್ಧ ಸುಳ್ಳು. ಕಾರಣ ಯಾವಾಗಲೂ ಇರುತ್ತಿತ್ತು, ಉಳಿದವರಿಗೆ ಕೇಳಿಸುತ್ತಿರಲಿಲ್ಲ, ಅಷ್ಟೆ. ಸ್ಪೀಕರು ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳದು ಕೊನೆಯ ಮೇಜು. ಗೋಡೆಗೆಲ್ಲ ದಪ್ಪ ಫೋಮು ಬಡಿದ, ಬಾಗಿಲು ಹಾಕಿದರೆ ನಮ್ಮ ಉಸಿರು ನಮಗೇ ಕೇಳುವಂಥ ಪುಟ್ಟ ಕೋಣೆ. ಅಲ್ಲಿ ಕೂತು ಒಂದೊಂದೇ ಸ್ಪೀಕರಿಗೆ ವೈರು ಸಿಕ್ಕಿಸಿ, ಗುಂಯ್ ಎಂಬ ತಗ್ಗಿನ ಸದ್ದಿನಿಂದ ಶಿಳ್ಳೆಯ ತನಕ ಏರಿಸುತ್ತ ಹೋಗಬೇಕು. ಒಳಗಿನ ತಂತಿಸುರುಳಿ ಕೂದಲೆಳೆಯಷ್ಟು ಓರೆಯಾಗಿದ್ದರೂ ಅಯಸ್ಕಾಂತಕ್ಕೆ ಉಜ್ಜಿ ‘ಕರ್’ ಅನ್ನುತ್ತದೆ. ಅದು ಕೇಳಿಸಿದರೆ ಬೆನ್ನಿನ ಮೇಲೆ ಕೆಂಪು ಪೆನ್ನಿನಲ್ಲಿ ಕತ್ತರಿ ಗುರುತು ಹಾಕಿ ಪಕ್ಕದ ಡಬ್ಬಕ್ಕೆ ಎಸೆಯಬೇಕು. ದಿನಕ್ಕೆ ನಾನೂರು ಸ್ಪೀಕರು, ಹೀಗೆ ಇಪ್ಪತ್ತೆರಡು ವರ್ಷ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಿತು. ಬಾಯಲ್ಲಿ ಎಲ್ಲರಿಗೂ ಅವಳು ಕಿವಿಯಕ್ಕ.

ಇಂಥವಳನ್ನು ಮೂರು ವಾರದ ಹಿಂದೆ ಸೂಪರ್‌ವೈಸರ್ ಹಾಲ್‌ನ ನಡುವೆ, ನಲವತ್ತು ಜನರ ಎದುರಿಗೆ ನಿಲ್ಲಿಸಿಕೊಂಡ. ಅವನೂ ಹೊರಗಿನವನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಳ್ಳೆಯ ಸ್ಪೀಕರು ಯಾವುದು, ಕೆಟ್ಟದ್ದು ಯಾವುದು ತಿಳಿಯದೆ ಪೆದ್ದುಪೆದ್ದಾಗಿ ನಗುತ್ತಿದ್ದವನನ್ನು ಒಂದು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದವಳು ಇವಳೇ.

“ಅಕ್ಕ, ಬೇಜಾರು ಮಾಡ್ಕೋಬೇಡಿ. ನೀವು ಬೇಡ ಅಂತ ಎಸೆದಿದ್ದನ್ನೆಲ್ಲ ಹೊಸ ಮೆಷಿನ್‌ಗೆ ಹಾಕಿ ನೋಡಿದ್ವಿ. ಎಲ್ಲಾ ಚೆನ್ನಾಗೇ ಇದಾವೆ. ಇಲ್ಲದ ಸದ್ದು ನಿಮಗೆ ಕೇಳಿಸ್ತಿದೆ. ವಯಸ್ಸಾಯ್ತಲ್ಲ, ಕಿವಿ ಹೋಗಿದೆ. ನಾಳೆಯಿಂದ ಪ್ಯಾಕಿಂಗ್‌ಗೆ ಹೋಗಿ.”

ಕ್ಯಾಂಟೀನಿನ ಚಹಾ ಆರಿದ್ದರೆ ಮೂರು ಗೋಡೆಯಾಚೆಗೆ ಕೇಳುವಂತೆ ಕೂಗಾಡುವ ಹೆಂಗಸು ಅಂದು ತುಟಿಪಿಟಕ್ಕೆನ್ನಲಿಲ್ಲ. ಬೇರೇನು ಹೇಳಿದ್ದರೂ ಅವನ ಜನ್ಮ ಜಾಲಾಡುತ್ತಿದ್ದಳು. ಆದರೆ ಇಲ್ಲದ ಸದ್ದು ಎಂಬ ಮಾತು ಸೀದಾ ಎದೆಗೆ ಇಳಿಯಿತು. ಸದ್ದು ಸ್ಪೀಕರಿನಲ್ಲಿಲ್ಲ, ತನ್ನ ತಲೆಯಲ್ಲಿದೆ ಎಂದಾದರೆ ಯಾರ ಮೇಲೆ ಕೂಗಾಡುವುದು? ಮರುದಿನದಿಂದ ಪೆಟ್ಟಿಗೆಗಳಿಗೆ ಟೇಪು ಹಚ್ಚತೊಡಗಿದಳು. ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಹೋಗಲು ಜಾಗವಿಲ್ಲದೆ ಒಳಗೇ ಉಳಿದಿತ್ತು. ಕಿವಿಯ ಡಾಕ್ಟರ ಹತ್ತಿರ ಎರಡು ಸಲ ಹೊರಟು ಎರಡು ಸಲವೂ ಆಸ್ಪತ್ರೆಯ ಗೇಟಿನಿಂದಲೇ ತಿರುಗಿ ಬಂದಳು. ಹೌದು, ನಿಮ್ಮ ಕಿವಿ ಹೋಗಿದೆ ಎಂದು ಅವರೂ ಅಂದುಬಿಟ್ಟರೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ, ಮಗಳಿಗೂ ಹೇಳಲಿಲ್ಲ.

ಹೇಳದ್ದರಿಂದಲೇ ಆ ಭಾನುವಾರ ಅವಳ ತಮ್ಮ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತ. ಅವನು ಹಲ್ಲಿನ ಡಾಕ್ಟರು. ಹಗಲೆಲ್ಲ ಊರವರ ದವಡೆಯೊಳಗೆ ಗಿರ್ರೆಂದು ಮೆಷಿನ್ನು ತಿರುಗಿಸಿ, ಸಂಜೆ ಒಳ್ಳೆಯ ಸಂಗೀತ ಬೇಕು ಅನ್ನುವವನು. ಆರು ತಿಂಗಳಿಂದ ಸ್ಪೀಕರುಗಳ ಬಗ್ಗೆ ಓದಿದ್ದೇ ಓದಿದ್ದು. ಅಷ್ಟು ಶ್ರದ್ಧೆಯಿಂದ ಅವನು ಹಲ್ಲಿನ ಪುಸ್ತಕವನ್ನೂ ಓದಿರಲಿಕ್ಕಿಲ್ಲ.

“ಎರಡು ಜೋಡಿಗೆ ಇಳಿಸಿದೀನಿ ಅಕ್ಕ. ಒಂದು ಸಂಗೀತಕ್ಕೆ ಹೇಳಿ ಮಾಡಿಸಿದ್ದು, ಚಿಕ್ಕದು. ಇನ್ನೊಂದು ಎತ್ತರದ್ದು, ಸಿನಿಮಾ ಹಾಕಿದ್ರೆ ಮನೆ ನಡುಗತ್ತೆ. ನಂಗೆ ಎರಡೂ ಬೇಕು ಅನ್ಸುತ್ತೆ.”

“ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ನನ್ನನ್ಯಾಕೆ ಎಳೀತೀಯ?”

“ನಿನ್ನ ಕಿವಿ ಇರೋವಾಗ ನಾನ್ಯಾಕೆ ತಲೆ ಕೆಡಿಸ್ಕೊಳ್ಳಲಿ?”

ಬರುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಬಾಯಿ ಬಿಗಿದುಕೊಂಡು ಚಪ್ಪಲಿ ಮೆಟ್ಟಿದಳು.

ಅಂಗಡಿ ಮೇಲ್ಮಹಡಿಯಲ್ಲಿತ್ತು. ಕಾಲು ಹೂತುಹೋಗುವ ಕಾರ್ಪೆಟ್ಟು, ಮಂದ ದೀಪ, ಮೆತ್ತನೆಯ ಸೋಫಾ. ಟೈ ಕಟ್ಟಿದ ಮಾರಾಟಗಾರ ಇಬ್ಬರಿಗೂ ಕಾಫಿ ತರಿಸಿದ. ಮೊದಲು ಚಿಕ್ಕ ಜೋಡಿಯಲ್ಲಿ ಒಂದು ಹಾಡು ಹಾಕಿದ. ಹೆಂಗಸೊಬ್ಬಳು ನಿಧಾನವಾಗಿ ಹಾಡುತ್ತಾಳೆ, ಹಿಂದೆ ಯಾವುದೋ ದಪ್ಪ ತಂತಿಯ ವಾದ್ಯ. ಆಮೇಲೆ ಅದೇ ಹಾಡನ್ನು ಎತ್ತರದ ಜೋಡಿಯಲ್ಲಿ ಹಾಕಿ, “ವ್ಯತ್ಯಾಸ ನೋಡಿ ಸಾರ್, ಮುಖದ ಮೇಲಿನ ಪರದೆ ತೆಗೆದ ಹಾಗಿದೆ” ಅಂದ.

ತಮ್ಮ ಕಣ್ಣುಮುಚ್ಚಿ ತಲೆದೂಗಿದ. ಕಿವಿಯಕ್ಕನಿಗೆ ಮೈ ಉರಿಯಿತು.

“ಪರದೆ ತೆಗೆದಿಲ್ಲ, ವಾಲ್ಯೂಮ್ ಏರಿಸಿದೀರ. ಜೋರಾಗಿದ್ದದ್ದು ಯಾರಿಗಾದ್ರೂ ಚೆನ್ನಾಗೇ ಕೇಳಿಸುತ್ತೆ. ಎರಡೂ ಒಂದೇ ಸಮ ಇಟ್ಟು ಹಾಕ್ರೀ.”

ಟೈಯವನ ನಗು ಒಂದು ಗಳಿಗೆ ಮುಖದಲ್ಲೇ ಸಿಕ್ಕಿಹಾಕಿಕೊಂಡಿತು. ವಾಲ್ಯೂಮ್ ತಗ್ಗಿಸಿದ. ಹಾಡು ಮತ್ತೆ ಶುರುವಾಯಿತು. ತಂತಿ ತಗ್ಗಿನ ಸ್ವರಕ್ಕೆ ಇಳಿದಾಗ ಎಡಗಡೆಯಿಂದ ಕೇಳಿಸಿತು, ಕರ್. ಅವಳ ಕೈಯ ಲೋಟ ಅಲ್ಲೇ ನಿಂತಿತು. ಮತ್ತೆ ಇಳಿದಾಗ ಮತ್ತೆ ಕರ್.

“ಎಡಗಡೆದು ಉಜ್ತಿದೆ” ಎಂದಳು.

“ಅದು ರೆಕಾರ್ಡಿಂಗ್‌ನಲ್ಲೇ ಇರೋ ತಂತಿ ಸದ್ದು ಮೇಡಂ. ಇಂಥ ದೊಡ್ಡ ಸ್ಪೀಕರ್‌ನಲ್ಲಿ ಮಾತ್ರ ಅಷ್ಟು ಸೂಕ್ಷ್ಮ ಸಿಗೋದು.”

“ಚಿಕ್ಕದರಲ್ಲಿ ಇರ್ಲಿಲ್ವಲ್ಲ?”

“ಅದೇ ಹೇಳಿದ್ನಲ್ಲ ಮೇಡಂ, ಅದಕ್ಕೆ ಆ ತಾಕತ್ತಿಲ್ಲ.” ಕಿವಿಗೆ ಹೂವಿಡುವುದರಲ್ಲಿ ಆಸಾಮಿ ಪಳಗಿದವನು.

“ನಂಗೇನೂ ಕೇಳಿಸ್ತಿಲ್ವಲ್ಲ ಅಕ್ಕ” ಎಂದ ತಮ್ಮ, ಮೆಲ್ಲಗೆ, ಮುಜುಗರದಿಂದ.

ಅಷ್ಟೇ ಸಾಕಾಯಿತು. ಮೂರು ವಾರದಿಂದ ಹೆದರಿದ್ದು ಎದುರಿಗೇ ಬಂದು ಕೂತಿತು. ಇವರಿಬ್ಬರಿಗೆ ಕೇಳಿಸುತ್ತಿಲ್ಲ, ತನಗೆ ಮಾತ್ರ ಕೇಳಿಸುತ್ತಿದೆ. ಇದೇ ಅಲ್ಲವೇ ಇಲ್ಲದ ಸದ್ದು? ಎಡಗಡೆಯ ಸ್ಪೀಕರೋ, ಎಡಗಡೆಯ ಕಿವಿಯೋ? ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು.

ಎದ್ದಳು. ಆದರೆ ಮನೆಗೆ ಹೋಗಲಿಲ್ಲ. ಕಾರ್ಪೆಟ್ಟಿನ ನಡುವೆ ನಿಂತು ಸ್ಪೀಕರುಗಳಿಗೆ ಬೆನ್ನು ತಿರುಗಿಸಿದಳು. ಪಾಠ ಒಪ್ಪಿಸದೆ ಶಿಕ್ಷೆಗೆ ನಿಂತ ಮಗುವಿನ ಹಾಗೆ ಗೋಡೆಗೆ ಮುಖ ಮಾಡಿ ನಿಂತಳು. ಸದ್ದು ಕಿವಿಯೊಳಗಿನದಾದರೆ ತಾನು ಎತ್ತ ತಿರುಗಿದರೂ ಎಡಕ್ಕೇ ಇರಬೇಕು. ಸ್ಪೀಕರಿನದಾದರೆ ಈಗ ಬಲಕ್ಕೆ ಬರಬೇಕು. ಇಷ್ಟು ಸುಲಭದ ಪರೀಕ್ಷೆ ಮೂರು ವಾರ ಹೊಳೆದಿರಲಿಲ್ಲ. ಹೊಳೆದಿದ್ದರೂ ಪ್ಯಾಕಿಂಗಿನ ಗದ್ದಲದಲ್ಲಿ ಮಾಡಿ ನೋಡುವ ಧೈರ್ಯ ಎಲ್ಲಿತ್ತು?

“ಇನ್ನೊಂದ್ಸಲ ಹಾಕಿ.”

“ಮೇಡಂ, ಸೋಫಾದಲ್ಲಿ ಕೂತ್ರೆ...”

“ಹಾಕಿ ಅಂದೆ!”

ಹೆಂಗಸು ಹಾಡಿದಳು. ತಂತಿ ಇಳಿಯಿತು. ಕರ್. ಬಲಗಿವಿಯಲ್ಲಿ.

ಕಿವಿಯಕ್ಕ ಅಳಲಿಲ್ಲ. ಅಳುವ ಸರದಿ ತನ್ನದಲ್ಲ ಎಂದು ಅವಳಿಗೆ ಆ ಕ್ಷಣವೇ ಖಾತ್ರಿಯಾಯಿತು. ಮೂರು ವಾರ ಕಟ್ಟಿಹಾಕಿದ್ದ ಸಿಟ್ಟು ಹಗ್ಗ ಹರಿದುಕೊಂಡು ಎದ್ದಿತು. ನೇರ ಎಡಗಡೆಯ ಸ್ಪೀಕರಿನ ಬಳಿ ಹೋಗಿ, ಟೈಯವನು ಬೇಡ ಬೇಡ ಅನ್ನುತ್ತಿದ್ದಂತೆ, ಮುಂದಿನ ಬಟ್ಟೆಯ ಚೌಕಟ್ಟು ಕಿತ್ತಳು. ಹಾಡು ನಿಲ್ಲಿಸಿ, ಐದು ಬೆರಳನ್ನೂ ಸಮನಾಗಿ ಒಳಗಿನ ಕಾಗದದ ಕೋನಿನ ಮೇಲಿಟ್ಟು ಮೆಲ್ಲಗೆ ಒತ್ತಿ ಬಿಟ್ಟಳು. ಕರಕರ. ಈ ಸಲ ಹಲ್ಲಿನ ಡಾಕ್ಟರಿಗೂ ಕೇಳಿಸಿತು.

“ಅಯ್ಯೋ, ಹೌದಲ್ಲ!” ಎಂದ ಅವನು.

ಕೈ ಹಾಗೇ ಕೋನಿನ ಮೇಲಿದ್ದಾಗ ಅವಳ ಕಣ್ಣು ಅಂಚಿನ ಗೋಂದಿನ ಮೇಲೆ ಬಿತ್ತು. ಪೆಟ್ಟಿಗೆ ಯಾವ ಕಂಪನಿಯದೋ ಇರಬಹುದು, ಮೇಲಿನ ಫಲಕ ಹೊಳೆಯುತ್ತಿರಬಹುದು. ಗೋಂದು ಬಳಿದ ಈ ರೀತಿಯನ್ನು ಅವಳು ಇಪ್ಪತ್ತೆರಡು ವರ್ಷ ನೋಡಿದ್ದಳು, ಒಳಗಿನ ಸ್ಪೀಕರು ಅವಳ ಕಾರ್ಖಾನೆಯದು. “ಇದನ್ನ ಬಿಚ್ಚಿಸಿ” ಎಂದಳು. ಆಗುವುದಿಲ್ಲ ಎಂದ ಟೈಯವನು. ಅವಳು ದನಿ ಎತ್ತರಿಸಿದಳು. ಪಕ್ಕದ ಕೋಣೆಯ ಗಿರಾಕಿಗಳು ಇಣುಕಿದರು. ಅದು ಇನ್ನೂ ಕೆಟ್ಟದ್ದೆನಿಸಿ ಅವನು ಒಳಗಿನಿಂದ ರಿಪೇರಿಯವರನ್ನು ಕರೆದ. ಬಂದವರು ಒಬ್ಬ ಮುದುಕರು. ಸ್ಕ್ರೂ ಬಿಚ್ಚಿ, ಸ್ಪೀಕರನ್ನು ಹೊರಗೆಳೆದು, ತಿರುಗಿಸಿ ಅವಳ ಕೈಗಿಟ್ಟರು.

ಬೆನ್ನಿನ ಮೇಲೆ ತಿಳಿಗೆಂಪು ಕಲೆಯಿತ್ತು. ಯಾರೋ ಥಿನ್ನರಿನಲ್ಲಿ ಉಜ್ಜಿ ಒರೆಸಿದ್ದರು. ಪೂರ್ತಿ ಹೋಗಿರಲಿಲ್ಲ. ಕತ್ತರಿ ಗುರುತಿನ ಒಂದು ಕಾಲು ಹಾಗೇ ಉಳಿದಿತ್ತು.

“ಇದು ನಾನು ಹಾಕಿದ ಗುರುತು ಕಣೋ” ಎಂದಳು ತಮ್ಮನಿಗೆ. ಆಮೇಲೆ ಅಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಅವನು ಕೇಳಿ, “ಥೂ, ಇಷ್ಟು ದಿನ ಹೇಳ್ಬಾರ್ದಿತ್ತಾ?” ಎಂದು ಅವಳ ಮೇಲೇ ರೇಗಿದ. ರಿಪೇರಿ ಮುದುಕರು ಮಾತ್ರ, “ಈ ಜೋಡಿ ಬಂದಾಗಿನಿಂದ ನಂಗೂ ಅನುಮಾನ ಇತ್ತಮ್ಮ. ಹೇಳಿದ್ರೆ ನಿಮಗೆ ವಯಸ್ಸಾಯ್ತು ಅಂದ್ರು” ಎಂದು ಟೈಯವನ ಕಡೆ ನೋಡಿದರು.

“ಹಾಗಾದ್ರೆ ಯಾವುದು ತಗೊಳ್ಳಲಿ ಅಕ್ಕ?”

“ಚಿಕ್ಕದು ತಗೋ. ಮನುಷ್ಯರ ಗಂಟಲು ಮನುಷ್ಯರ ಗಂಟಲಿನ ಹಾಗೇ ಕೇಳಿಸ್ತಿದೆ. ಮನೆ ನಡುಗಬೇಕು ಅಂದ್ರೆ ನನ್ನ ಕರಿ.”

ಸೋಮವಾರ ಅವಳು ಪ್ಯಾಕಿಂಗಿಗೆ ಹೋಗಲಿಲ್ಲ. ರಿಪೇರಿಯವರನ್ನು ಕಾಡಿ ಬೇಡಿ ತಂದಿದ್ದ ಆ ಸ್ಪೀಕರನ್ನು ಹಾಲ್‌ನ ನಡುವಿನ ಮೇಜಿನ ಮೇಲೆ ಬೋರಲು ಇಟ್ಟು ನಿಂತಳು. ಸೂಪರ್‌ವೈಸರ್ ಬಂದ, ಕಲೆ ನೋಡಿದ.

“ಒಳಗೆ ಬನ್ನಿ ಅಕ್ಕ, ಮಾತಾಡೋಣ.”

“ಕಿವಿ ಹೋಗಿದೆ ಅಂತ ನೀನು ಹೇಳಿದ್ದು ಇಲ್ಲೇ. ಇಲ್ಲೇ ಮಾತಾಡು. ಮೆಷಿನ್ ಏನ್ ಹೇಳಿತ್ತು?”

ಅವನು ಅತ್ತಿತ್ತ ನೋಡಿದ. ನಲವತ್ತು ಜನರ ಕೈ ನಿಂತಿತ್ತು.

“ಏನ್ ಹೇಳಿತ್ತೋ?”

“ನೀವು ಹೇಳಿದ್ದನ್ನೇ ಹೇಳ್ತು ಅಕ್ಕ. ಆದ್ರೆ ಆರ್ಡರ್ ತಲೆ ಮೇಲೆ ಕೂತಿತ್ತು. ಮಾಲು ಕಳಿಸಲೇಬೇಕು ಅಂತ ಮೇಲಿನೋರು... ನಾನೇನ್ ಮಾಡ್ಲಿ?”

“ಅಷ್ಟನ್ನೇ ಹೇಳ್ಬೇಕಿತ್ತು. ಕೆಟ್ಟದ್ದನ್ನೇ ಮಾರ್ತೀವಿ, ನೀವು ಆಚೆ ಹೋಗಿ ಅಂತ. ಬೈದು, ಜಗಳ ಆಡಿ, ಹೋಗ್ತಿದ್ದೆ.”

“ನೀವು ಸುಮ್ನಿರ್ತಿರ್ಲಿಲ್ಲ ಅಕ್ಕ.” ಅವನು ನೆಲ ನೋಡುತ್ತ ಹೇಳಿದ. “ಬೇರೆ ಯಾವ ಮಾತಿಗೂ ನೀವು ಸುಮ್ನಾಗೋರಲ್ಲ. ಅದೊಂದೇ ಇದ್ದಿದ್ದು.”

ಹಾಗಾದರೆ ಅವನಿಗೆ ಗೊತ್ತಿತ್ತು. ಹುಡುಕಿ, ಅಳೆದು, ಅವಳಿಗೆ ಎಲ್ಲಿ ತಾಗುತ್ತದೋ ಅಲ್ಲಿಗೇ ಹೊಡೆದಿದ್ದ. ಕಿವಿಯಕ್ಕನ ದನಿ ತಗ್ಗಿತು. ಅವಳ ದನಿ ತಗ್ಗಿದ್ದನ್ನು ಅಲ್ಲಿದ್ದವರು ಯಾರೂ ಅದುವರೆಗೆ ಕೇಳಿರಲಿಲ್ಲ.

“ಹೋದ ವಾರ ನನ್ನ ಮಗಳು ಬೀಗದ ಕೈ ಮರೆತು ಹೋಗಿದ್ಲು. ಬಂದು ಬಾಗಿಲು ತಟ್ಟಿದ್ಲು. ಅಮ್ಮಾ, ಅಮ್ಮಾ ಅಂತ ಕೂಗಿದ್ಲು. ನಾನು ಒಳಗೇ ಕೂತಿದ್ದೆ. ನಂಗೆ ಕೇಳಿಸ್ತು ಕಣೋ. ಪ್ರತಿ ಸಲ ತಟ್ಟಿದ್ದೂ ಕೇಳಿಸ್ತು. ಇಲ್ಲದ ಸದ್ದು, ಏಳಬೇಡ ಅಂತ ನನಗೆ ನಾನೇ ಹೇಳ್ಕೊಂಡು ಕೂತೆ. ಅರ್ಧ ಗಂಟೆ ಅವಳು ಮಳೇಲಿ ನಿಂತಿದ್ಲು.”

ಸೂಪರ್‌ವೈಸರ್ ಅವಳ ಕಾಲು ಮುಟ್ಟುವವನಂತೆ ಬಗ್ಗಿದ. ಅವಳು ಹಿಂದೆ ಸರಿದಳು.

“ಕಾಲು ಬೇಡ. ಬಾಯಿ ಬಿಡು. ಅವತ್ತು ಹೇಳಿದ್ಯಲ್ಲ, ಅದನ್ನ ಈಗ ತಿರುಗಿಸಿ ಹೇಳು.”

“ಅಕ್ಕನ ಕಿವಿ ಸರಿ ಇದೆ” ಎಂದು ಅವನು ಗೊಣಗಿದ.

“ಕೇಳಿಸ್ಲಿಲ್ಲ” ಎಂದಳು ಕಿವಿಯಕ್ಕ. “ಜೋರಾಗಿ ಹೇಳು.”