ಸತ್ಯವ್ವನ ಬೇರೆ ಒಲೆ

ಶಾಲೆಯ ಮಾಸ್ತರರು ಸತ್ಯವ್ವನನ್ನು ಮೊದಲು ಕಂಡ ದಿನ ಅವಳು ತಮ್ಮನ ಮನೆಯ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದಳು. ಅದು ತೊಂಬತ್ತೆಂಟನೆಯ ಇಸವಿ. ಬೀಳಗಿ ತಾಲ್ಲೂಕಿನ ಆ ಊರು ಆಲಮಟ್ಟಿಯ ಹಿನ್ನೀರಿಗೆ ಹೋಗುವುದೆಂದು ಖಚಿತವಾಗಿ ಮನೆಮನೆಯ ಎಣಿಕೆ ನಡೆದಿತ್ತು. ಎಣಿಕೆಗೆ ಬಂದ ಸಾಹೇಬರ ಜೊತೆ ಬರೆಯಲು ಮಾಸ್ತರರನ್ನು ಕಳಿಸಿದ್ದರು. ಬೇರೆ ಒಲೆ ಇದ್ದರೆ ಬೇರೆ ಕುಟುಂಬ, ಬೇರೆ ಕುಟುಂಬಕ್ಕೆ ಪುನರ್ವಸತಿ ಕೇಂದ್ರದಲ್ಲಿ ಬೇರೆ ಜಾಗ. ಸಾಹೇಬರು ಹೇಳಿದ ನಿಯಮ ಇಷ್ಟೇ.

ಸತ್ಯವ್ವನಿಗೆ ಅದು ತಿಳಿದಿತ್ತು. ಗಂಡ ಚನಮಲ್ಲಪ್ಪ ಕುರಿ ಕಾಯಲು ಹೋದಲ್ಲಿ ಹಾವು ಕಚ್ಚಿ ಸತ್ತಮೇಲೆ, ಮಕ್ಕಳಿಲ್ಲದ ಅವಳು ಮುಧೋಳ ಕಡೆಯ ಅತ್ತೆಮನೆ ಬಿಟ್ಟು ತವರಿಗೆ ಬಂದು ಹತ್ತು ವರ್ಷವಾಗಿತ್ತು. ಉಣ್ಣೆ ನೂತು ತಮ್ಮನ ಮನೆಯಲ್ಲಿ ಉಂಡಿದ್ದಳು. ತನ್ನ ಹೆಸರಿಗೆ ಒಂದು ಜಾಗ ಬಂದರೆ ಮುಂದೆ ಯಾರೂ ಏಳು ಎನ್ನುವಂತಿಲ್ಲ. ಅವಳಿಗಿದ್ದದ್ದು ಅದೊಂದೇ ಆಸೆ.

"ಈಕಿದು ಬ್ಯಾರೆ ಅಡಗಿ ಏನು?" ಎಂದರು ಸಾಹೇಬರು.

ಅವಳು ಬಾಯಿ ತೆರೆಯುವ ಮೊದಲೇ ತಮ್ಮ ಹುಲೆಪ್ಪ ಎದ್ದು ಬಂದ.

"ಏನ್ ಮಾತ್ರೀ ಸಾಹೇಬ್ರ! ನಾವು ಹಾಲಮತದ ಕುರುಬ್ರು. ಗಂಡನ್ನ ಕಳಕೊಂಡ ಅಕ್ಕನ್ನ ಬ್ಯಾರೆ ಇಡೂ ಮನಿತನ ಅಲ್ರೀ ನಮ್ಮದು. ನಾವು ಉಣ್ಣೂದ ಆಕಿನೂ ಉಣತಾಳ."

"ಮತ್ತ ಈ ಒಲಿ?"

"ಎಮ್ಮಿಗೆ ನುಚ್ಚು ಕುದಸಾಕ್ರೀ."

ಸುತ್ತ ಜನ ನಿಂತಿದ್ದರು. "ಅಲ್ರೀ, ನಂದು" ಎಂದಿದ್ದರೆ ತಮ್ಮನ ಮಾನ ಅಲ್ಲಿಯೇ ಹೋಗುತ್ತಿತ್ತು. ಸತ್ಯವ್ವ ಸೆರಗಿನಿಂದ ಹೊಗೆ ಬೀಸಿಕೊಂಡಳು. ಮಾಸ್ತರರು ಅವಳ ಹೆಸರನ್ನು ಹುಲೆಪ್ಪನ ಹೆಸರಿನ ಕೆಳಗೆ ಬರೆದರು. ಅದೇ ದಿನ ಗೌಡರ ತಂಗಿ ಬೇರೆ ಕುಟುಂಬವೆಂದು ದಾಖಲಾದಳು. ಅವಳೂ ವಿಧವೆಯೇ, ತವರಿಗೆ ಬಂದವಳೇ. ಆದರೆ ಎಂಟು ಎಕರೆ ಅವಳ ಹೆಸರಿನಲ್ಲಿತ್ತು. ಅವಳ ಒಲೆ ಎಲ್ಲಿದೆಯೆಂದು ಯಾರೂ ಕೇಳಲಿಲ್ಲ.

ಊರು ಮುಳುಗಿತು. ಕೇಂದ್ರದಲ್ಲಿ ಹುಲೆಪ್ಪ ಕಟ್ಟಿದ ಮನೆಗೆ ಎರಡೇ ಖೋಲಿ. ಅವನ ಮಗನ ಮದುವೆ ಗೊತ್ತಾದಾಗ ಹೆಂಡತಿ ಮುದಕವ್ವ ರೊಟ್ಟಿ ಬಡಿಯುತ್ತಲೇ ಅಂದಳು: "ಯಕ್ಕಾ, ಹೊಸ ಸೊಸಿ ಬರತಾಳ. ನೀ ಎಲ್ಲಿ ಮಲಗತಿ, ನೀನ ಹೇಳು." ಹುಲೆಪ್ಪ ಅಂಗಳದಲ್ಲಿ ಕುಳಿತು ಕೇಳಿಸಿಕೊಂಡ. ಈ ಸಲ ಎದ್ದು ಬರಲಿಲ್ಲ.

ಸತ್ಯವ್ವ ಬನಹಟ್ಟಿಗೆ ಹೋದಳು. ಉಣ್ಣೆ ನೂತ ಬೆರಳಾದ್ದರಿಂದ, ಪವರ್‌ಲೂಮ್ ಶೆಡ್ಡಿನಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೆಲಸ ಎಂಟು ದಿನದಲ್ಲಿ ಕೈಗೆ ಹತ್ತಿತು. ಪಕ್ಕದಲ್ಲಿ ಸುತ್ತುತ್ತಿದ್ದ ಅನಸವ್ವ ಕಾಡುತ್ತಿದ್ದಳು: "ಏ ಮುಳುಗಡಿಯಾಕಿ, ಸರಕಾರ ನಿಮಗ ಗಂಟು ಕೊಟ್ಟೈತಂತ, ಇಲ್ಲ್ಯಾಕ ಬಂದೀಬೇ?"

"ಗಂಟು ಗೌಡ್ರಿಗಿ, ನೀರು ನಮಗ."

ಇಬ್ಬರೂ ನಗುತ್ತಿದ್ದರು. ಇಬ್ಬರದೂ ಒಂದೇ ಕೆಲಸ, ಒಂದೇ ಪಗಾರ. ಅಮಾವಾಸ್ಯೆಯ ದಿನ ಮಾತ್ರ ಹಾಗಿರಲಿಲ್ಲ. ಮಗ್ಗದ ಪೂಜೆಗೆ ಆರತಿ ಹಿಡಿಯಲು ಮುತ್ತೈದೆ ಅನಸವ್ವನನ್ನು ಒಳಗೆ ಕರೆಯುತ್ತಿದ್ದರು. ಸತ್ಯವ್ವನಿಗೆ ಚಪ್ಪಲಿ ಬಿಡುವ ಕಡೆ ಪ್ರಸಾದ ಬರುತ್ತಿತ್ತು.

ವಾರದ ರಜೆಯಲ್ಲಿ ಅವಳು ಅರ್ಜಿ ಹಿಡಿದು ಜಮಖಂಡಿಯ ಒಂದು ಕಚೇರಿಗೆ ಹೋಗುತ್ತಿದ್ದಳು, ತನ್ನನ್ನು ಬೇರೆ ಕುಟುಂಬವೆಂದು ಬರೆದುಕೊಳ್ಳಿರೆಂದು. ಅಲ್ಲಿನ ಗುಮಾಸ್ತ ಧರ್ಮರಾಜ ಅವಳ ಬೆಡಗು, ಎಂದರೆ ಗೋತ್ರ, ಯಾವುದೆಂದು ಕೇಳಿದ. ತನ್ನ ತಾಯಿಯದೂ ಅದೇ ಎಂದು ತಿಳಿದಾಗ, "ಹಂಗಾರ ನನಗ ದೊಡ್ಡವ್ವ ಆಗಬೇಕು ನೀ, ಕೂಡಬೇ" ಎಂದು ಕುರ್ಚಿ ಸರಿಸಿದ. ಸತ್ಯವ್ವನ ಕಣ್ಣು ತುಂಬಿದವು. ಅಷ್ಟರಲ್ಲಿ ಮೇಲಧಿಕಾರಿ ಬಂದರು.

"ಏ ಮುದುಕಿ, ಕುರ್ಚಿ ಮ್ಯಾಲ್ಯಾಕ ಕುಂತಿ? ಹೊರಗ ನಿಂದ್ರು!" ಎಂದ, ಅದೇ ಧರ್ಮರಾಜ.

ಯಾವ ಮನೆಯವಳೆಂದು ಕಾಗದ ತಾ ಎಂದರು, ತಂದಳು. ಈಕೆ ತವರಿಗೆ ಹೋದವಳು, ನಮ್ಮಲ್ಲಿಲ್ಲ ಎಂದು ಗಂಡನ ಊರಿನವರು ಬರೆದುಕೊಟ್ಟರು. ಕೊಟ್ಟುಕಳಿಸಿದ ಹೆಣ್ಣು, ತಮ್ಮನ ಆಶ್ರಯದಲ್ಲಿ ಇದ್ದವಳು ಎಂದು ತವರಿನವರು ಬರೆದರು. ಇನ್ನು ಒಂದೇ ದಾರಿ ಉಳಿದಿತ್ತು: ಎಣಿಕೆಯ ಕಾಲಕ್ಕೇ ಅಕ್ಕ ಬೇರೆ ಅಡುಗೆ ಮಾಡುತ್ತಿದ್ದಳೆಂದು ಹುಲೆಪ್ಪ ಸಹಿ ಮಾಡಬೇಕು.

"ಸುಳ್ಳು ಹ್ಯಾಂಗ ಬರದ ಕೊಡ್ಲಿ ಅಕ್ಕಾ? ನಮ್ಮ ದೇವ್ರು ಬೀರಪ್ಪ ಮೆಚ್ಚತಾನೇನು? ಅಕ್ಕನ್ನ ಬ್ಯಾರೆ ಇಟ್ಟಿದ್ದ ಅಂತ ಮಂದಿ ಆಡಕೊಳ್ಳೂದಿಲ್ಲೇನು?"

"ಈಗ ನಾ ಎಲ್ಲಿ ಉಣತೇನಿ, ಹುಲೆಪ್ಪಾ?"

ಅವನು ತಲೆ ತಗ್ಗಿಸಿದ. "ರೊಟ್ಟಿ ಉಂಡ ಹೋಗು" ಎಂದ. ಅವಳು ಉಣ್ಣಲಿಲ್ಲ. ಸಹಿಯಿಲ್ಲದ ಅರ್ಜಿ ಮರುವರ್ಷ ವಜಾ ಆಯಿತು.

ಈಗ ಸತ್ಯವ್ವನಿಗೆ ಎಪ್ಪತ್ತರ ಸಮೀಪ. ಕಣ್ಣು ಮಂಜಾಗಿ ಎಳೆ ಕಾಣುವುದಿಲ್ಲ. ಕಂಡಿಕೆಯ ಕೆಲಸ ಹೋಗಿದೆ. ಶೆಡ್ಡಿನ ಹಿಂದೆ ನೂಲಿನ ಚೀಲ ಒಟ್ಟುವ ಖೋಲಿಯಲ್ಲಿ ಮಲಗಲು ಮಾಲೀಕರು ಬಿಟ್ಟಿದ್ದಾರೆ. ಹೊಸ ಮಾಲು ಬಂದ ದಿನ ಹಾಸಿಗೆ ಸುತ್ತಿಕೊಂಡು ಹೊರಗೆ ಬರುತ್ತಾಳೆ. ಮಲಗುವ ಜಾಗಕ್ಕೆ ಬದಲಾಗಿ, ಬೆಳಿಗ್ಗೆ ಕೆಲಸಗಾರರು ಬರುವುದರೊಳಗೆ ಮಗ್ಗಗಳ ಅಡಿಯಲ್ಲಿ ಬಿದ್ದ ಹತ್ತಿಯ ಧೂಳನ್ನು ಗುಡಿಸಿ, ಬುಟ್ಟಿಯಲ್ಲಿ ತುಂಬಿ, ಓಣಿಯ ಕೊನೆಗೆ ಚೆಲ್ಲಿ ಬರುತ್ತಾಳೆ.